ನೀರಿನ ಶಾಯಿಯಲ್ಲಿ ಪಾಲಿಮರ್ ಎಲೆಕ್ಟ್ರಾನಿಕ್ಸ್: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದಲ್ಲಿ, ಕರೆಂಟು ಹರಿಸುವ ಪ್ಲಾಸ್ಟಿಕ್ಕಿನ ಶಾಯಿಯನ್ನು ಹಾಳೆಯ ಮೇಲೆ ಅಚ್ಚು ಹಾಕಿ ಸಾಧನ ಮಾಡುವ ಈ ಕೆಲಸಕ್ಕೆ ಕೈಹಾಕುವವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಕ್ಲೀನ್‌ರೂಮ್ ಇಲ್ಲದ ಕಾಲೇಜು ಪ್ರಯೋಗಾಲಯ, ಮದುವೆ ಕರೆಯೋಲೆ ಅಚ್ಚು ಹಾಕುವ ಅಂಗಡಿ, ಕೈಯಲ್ಲಿ ಮಲ್ಟಿಮೀಟರ್ ಇರುವ ಹವ್ಯಾಸಿ, ಈ ಮೂವರಿಗೂ ಹೊಂದುವಂತೆ ಉತ್ತರಗಳನ್ನು ಬರೆದಿದೆ.

ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುತ್ತದೆಯೇ?

ತಂತಿಯ ಮೇಲಿನ ಹೊದಿಕೆಯಲ್ಲಿ ಹರಿಯುವುದಿಲ್ಲ. ಇಂಗಾಲದ ಸರಪಳಿಯಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದರಂತೆ ಬರುವ ಪಾಲಿಮರುಗಳ ಮಾತು ಬೇರೆ. ಅವುಗಳಿಗೆ ತಕ್ಕ ರಾಸಾಯನಿಕ ಸೇರಿಸಿ ‘ಡೋಪ್’ ಮಾಡಿದರೆ ಸರಪಳಿಯ ಉದ್ದಕ್ಕೂ ವಿದ್ಯುದಾವೇಶ ಓಡಾಡುತ್ತದೆ. 1977ರಲ್ಲಿ ಶಿರಾಕಾವಾ, ಮ್ಯಾಕ್‌ಡಿಯರ್ಮಿಡ್, ಹೀಗರ್ ಇದನ್ನು ಪಾಲಿಅಸಿಟಿಲೀನಿನಲ್ಲಿ ಅಯೋಡಿನ್ ಬಳಸಿ ತೋರಿಸಿದರು. 2000ದಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಇವತ್ತು ಅಂಗಡಿಯಲ್ಲಿ ಸಿಗುವ ಒಳ್ಳೆಯ ಪಾಲಿಮರ್ ಶಾಯಿಯ ವಾಹಕತೆ ಸೆಂಟಿಮೀಟರಿಗೆ 500ರಿಂದ 1000 ಸೀಮೆನ್ಸ್. ತಾಮ್ರದ್ದು ಅದರ ಸುಮಾರು ಆರುನೂರರಿಂದ ಸಾವಿರದಿನ್ನೂರು ಪಟ್ಟು. ಹಾಗಾಗಿ ಮೋಟಾರಿಗೆ ತಂತಿ ಎಳೆಯಲು ಇದು ಬಾರದು. ಸೆನ್ಸರಿಗೆ, ಎಲೆಕ್ಟ್ರೋಡಿಗೆ, ಸಣ್ಣ ಪರದೆಗೆ ಧಾರಾಳವಾಯಿತು.

ಪರಿಸರಸ್ನೇಹಿ ಅನ್ನುವುದು ನಿಜವೋ, ಜಾಹೀರಾತೋ?

ಅರ್ಧ ನಿಜ. ಪಾಲಿಮರು ತಾನಾಗಿ ಹಸಿರೇನೂ ಅಲ್ಲ. ಇಲ್ಲಿ ಹೆಚ್ಚಾಗಿ ಬಳಸುವ ಪೆಡಾಟ್ ಎಂಬ ವಾಹಕ ಪಾಲಿಮರು ಮಣ್ಣಿನಲ್ಲಿ ಕೊಳೆಯುವ ಪದಾರ್ಥವಲ್ಲ. ಉಳಿತಾಯವಾಗುವುದು ತಯಾರಿಕೆಯಲ್ಲಿ. ಸಿಲಿಕಾನ್ ಚಿಪ್ಪಿಗೆ ಸಾವಿರ ಡಿಗ್ರಿಯ ಕುಲುಮೆ ಬೇಕು, ನಿರ್ವಾತ ಬೇಕು, ಮೇಲೆಲ್ಲ ಹಚ್ಚಿ ಬೇಡದ್ದನ್ನು ಆಮ್ಲದಲ್ಲಿ ಕೊರೆದು ತೆಗೆಯಬೇಕು. ಪಾಲಿಮರನ್ನು 140 ಡಿಗ್ರಿಯೊಳಗೆ, ತೆರೆದ ಗಾಳಿಯಲ್ಲಿ, ಬೇಕಾದ ಜಾಗಕ್ಕೆ ಮಾತ್ರ ಅಚ್ಚು ಹಾಕಬಹುದು.

ಯಾರಾದರೂ ಹಸಿರು ವಿಧಾನ ಎಂದು ತೋರಿಸಿದರೆ ಮೂರು ಸಂಗತಿ ಕೇಳಿ. ದ್ರಾವಕ ಯಾವುದು? ಎಷ್ಟು ಶಾಖ, ಎಷ್ಟು ಹೊತ್ತು? ಉಳಿದ ಶಾಯಿ ಎಲ್ಲಿಗೆ ಹೋಗುತ್ತದೆ? ಉದಾಹರಣೆಗೆ ಪಿ3ಎಚ್‌ಟಿ ಎಂಬ ಅರೆವಾಹಕ ಪಾಲಿಮರನ್ನು ರೂಢಿಯಲ್ಲಿ ಕರಗಿಸುವುದು ಕ್ಲೋರೊಬೆಂಜೀನಿನಲ್ಲಿ. ಅದನ್ನು ಕಾಗದದ ಮೇಲೆ ಅಚ್ಚು ಹಾಕಿದ ಮಾತ್ರಕ್ಕೆ ಹಸಿರಾಗದು. ಆನಿಸೋಲ್, 2-ಮಿಥೈಲ್ ಟೆಟ್ರಾಹೈಡ್ರೋಫ್ಯುರಾನ್‌ನಂಥ ಕಡಿಮೆ ಕೆಡುಕಿನ ದ್ರಾವಕಗಳಿವೆ, ಆದರೆ ಎಲ್ಲ ಪಾಲಿಮರೂ ಅವುಗಳಲ್ಲಿ ಸಮನಾಗಿ ಕರಗುವುದಿಲ್ಲ. ಶುರುವಿಗೆ ನೀರಿನ ಶಾಯಿಯೇ ವಾಸಿ.

ಹಾಗಾದರೆ ಯಾವುದರಿಂದ ಶುರು ಮಾಡಬೇಕು?

ಪೆಡಾಟ್-ಪಿಎಸ್‌ಎಸ್. ಕಡುನೀಲಿ ಬಣ್ಣದ, ನೀರಿನಲ್ಲಿ ತೇಲುವ ಕಣಗಳ ಶಾಯಿ. 1980ರ ದಶಕದ ಕೊನೆಗೆ ಜರ್ಮನಿಯ ಬೇಯರ್ ಕಂಪನಿಯಲ್ಲಿ ಹುಟ್ಟಿ, ಮೊದಲು ಫೋಟೋ ಫಿಲ್ಮಿಗೆ ಸ್ಥಾಯಿವಿದ್ಯುತ್ ತಡೆಯುವ ಲೇಪವಾಗಿ ಬಳಕೆಗೆ ಬಂತು. ಪಿಎಚ್1000 ಎಂಬ ದರ್ಜೆಯಲ್ಲಿ ಘನಾಂಶ ಶೇ. 1ರಿಂದ 1.3 ಮಾತ್ರ, ಮಿಕ್ಕದ್ದೆಲ್ಲ ನೀರು. ಪಾಲಿಅನಿಲೀನ್ ಅಗ್ಗ, ಆದರೆ ತಯಾರಿಸಲು ಪ್ರಯೋಗಾಲಯ ಬೇಕು. ಬಟ್ಟೆಗೆ ಪಾಲಿಪಿರೋಲ್ ಚೆನ್ನಾಗಿ ಹಿಡಿಯುತ್ತದೆ.

ಬಾಟಲಿಯಿಂದ ತೆಗೆದು ಹಾಗೆಯೇ ಹಚ್ಚಿದರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಏಕೆ?

ಹಾಗೆಯೇ ಹಚ್ಚಿದರೆ ಸೆಂಟಿಮೀಟರಿಗೆ 1 ಸೀಮೆನ್ಸ್ ಆಸುಪಾಸು ಸಿಗುತ್ತದೆ, ಅಷ್ಟೆ. ವಾಹಕವಾದ ಪೆಡಾಟ್ ಕಣದ ಸುತ್ತ ನಿರೋಧಕವಾದ ಪಿಎಸ್‌ಎಸ್ ಸಿಪ್ಪೆಯಂತೆ ಕೂತಿರುತ್ತದೆ. ಕುದಿಬಿಂದು ಹೆಚ್ಚಿರುವ ಒಂದು ದ್ರವ ಸೇರಿಸಿದರೆ ಒಣಗುವಾಗ ಆ ಸಿಪ್ಪೆ ಸರಿದು ಕಣಕ್ಕೆ ಕಣ ತಾಗುತ್ತದೆ. ವಾಹಕತೆ ನೂರಾರು ಪಟ್ಟು ಏರುತ್ತದೆ.

10 ಮಿ.ಲೀ. ಶಾಯಿಗೆ ಲೆಕ್ಕ ಹೀಗೆ:

1. ಶಾಯಿಯನ್ನು ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ, ಬಾಟಲಿಯನ್ನು ನಿಧಾನ ತಿರುವಿ ತಿರುವಿ ಕಲಸಿ. ಜೋರಾಗಿ ಕುಲುಕಿದರೆ ನೊರೆ ಬಂದು ಒಂದು ಗಂಟೆ ಹಾಳು.
2. ಎಥಿಲೀನ್ ಗ್ಲೈಕಾಲ್ ಅಥವಾ ಡಿಎಂಎಸ್ಒ 0.5 ಮಿ.ಲೀ. ಸೇರಿಸಿ 15 ನಿಮಿಷ ತಿರುಗಿಸಿ.
3. ಪಾಲಿಸಾರ್ಬೇಟ್ 20 ಅನ್ನು ನೀರಿನಲ್ಲಿ ಶೇ. 10ರಂತೆ ಕರಗಿಸಿಟ್ಟುಕೊಂಡು ಅದರಲ್ಲಿ 0.1 ಮಿ.ಲೀ. ಹಾಕಿ. ಶಾಯಿ ಹಾಳೆಯ ಮೇಲೆ ಹರಡುವುದು ಇದರಿಂದ.
4. ಸಾಧನ ನೀರಿನಲ್ಲಿ ಮುಳುಗಬೇಕಾದರೆ ಮಾತ್ರ ಜಿಒಪಿಎಸ್ ಎಂಬ ಸಿಲೇನ್ 0.1 ಮಿ.ಲೀ. ಸೇರಿಸಿ. ಇದು ಸರಪಳಿಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ವಾಹಕತೆ ಕೊಂಚ ಇಳಿಯುತ್ತದೆ. ಸೇರಿಸಿದ ಮೇಲೆ ಶಾಯಿಯನ್ನು ಅದೇ ದಿನ ಮುಗಿಸಿ.
5. 0.45 ಮೈಕ್ರಾನ್ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ. ಒತ್ತಿದರೂ ಇಳಿಯದಿದ್ದರೆ ಶಾಯಿ ಹೆಪ್ಪುಗಟ್ಟಿದೆ ಎಂದೇ ಅರ್ಥ.

ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳು, ನಾಯಿ, ದನ ತಿರುಗುವ ಕಡೆ ತೆರೆದಿಡಬೇಡಿ. ಡಿಎಂಎಸ್ಒ ಚರ್ಮದೊಳಗೆ ಇಳಿಯುವಾಗ ಕೈಮೇಲಿದ್ದ ಬೇರೆ ರಾಸಾಯನಿಕವನ್ನೂ ಕರೆದೊಯ್ಯುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಇವೆರಡೂ ಬೇಡವೆಂದರೆ ಸಾರ್ಬಿಟಾಲ್ ಇದೆ, ಸಕ್ಕರೆಕಾಯಿಲೆಯವರ ಮಿಠಾಯಿಗೆ ಹಾಕುವಂಥದ್ದೇ. 10 ಮಿ.ಲೀ.ಗೆ 0.3ರಿಂದ 0.5 ಗ್ರಾಂ. ಆದರೆ ಅದು ಆವಿಯಾಗದೆ ಪದರದಲ್ಲೇ ಉಳಿಯುತ್ತದೆ, ಆಷಾಢದ ಗಾಳಿಗೆ ನೀರು ಎಳೆದು ಅಂಟಂಟಾಗುತ್ತದೆ. ಬೇಸಿಗೆಗೆ ಸಾರ್ಬಿಟಾಲ್, ಮಳೆಗಾಲಕ್ಕೆ ಗ್ಲೈಕಾಲ್ ಎಂದಿಟ್ಟುಕೊಳ್ಳಿ.

ಸಾಂದ್ರ ಗಂಧಕಾಮ್ಲದಲ್ಲಿ ಅದ್ದಿ ವಾಹಕತೆಯನ್ನು 4000 ಸೀಮೆನ್ಸಿನ ಮೇಲೆ ಏರಿಸಿದ ಪ್ರಯೋಗಗಳಿವೆ. ದಾಖಲೆಗೆ ಅದು ಸರಿ. ಕಡಿಮೆ ಖರ್ಚಿನ ಹಸಿರು ವಿಧಾನ ಹುಡುಕಿಕೊಂಡು ಬಂದವರು ಆ ದಾರಿ ಹಿಡಿಯುವುದರಲ್ಲಿ ಅರ್ಥವಿಲ್ಲ.

ಬಾವಿ ನೀರು ಬಳಸಬಹುದೇ?

ಬೇಡ. ಸಮುದ್ರದ ಹತ್ತಿರದ ಬಾವಿಯಲ್ಲಿ ಉಪ್ಪಿರುತ್ತದೆ, ಘಟ್ಟದ ಕೆಂಪುಮಣ್ಣಿನ ನೀರಿನಲ್ಲಿ ಕಬ್ಬಿಣ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಮೂರೂ ಪಿಎಸ್‌ಎಸ್ ಸರಪಳಿಗಳನ್ನು ಹೆಣೆದು ಶಾಯಿಯನ್ನು ಮೊಸರಾಗಿಸುತ್ತವೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 5ರ ಒಳಗಿದ್ದರೆ. ಎ.ಸಿ. ಯಂತ್ರದಿಂದ ತೊಟ್ಟಿಕ್ಕುವ ನೀರು ನೋಡಲು ಶುದ್ಧ, ಆದರೆ ತಾಮ್ರದ ಕೊಳವೆಯ ಅಂಶ, ಧೂಳು ಎಲ್ಲ ಅದರಲ್ಲಿದೆ.

ಹಾಳೆಯನ್ನು ಜೋರಾಗಿ ತಿರುಗಿಸಿ ಶಾಯಿ ಹರಡುವ ಸ್ಪಿನ್ ಕೋಟರ್ ಇಲ್ಲ. ಹೇಗೆ ಹಚ್ಚುವುದು?

ಇಲ್ಲದಿರುವುದೇ ಒಳ್ಳೆಯದು. ಸ್ಪಿನ್ ಕೋಟರಿನಲ್ಲಿ ಹಾಕಿದ ಶಾಯಿಯ ಶೇ. 90ಕ್ಕೂ ಹೆಚ್ಚು ಅಂಚಿನಿಂದ ಚಿಮ್ಮಿ ಹೋಗುತ್ತದೆ. ಗಾಜಿನ ಹಲಗೆ, ಅದರ ಮೇಲೆ ಪ್ರೊಜೆಕ್ಟರಿಗೆ ಬಳಸುವ ಪಾರದರ್ಶಕ ಪ್ಲಾಸ್ಟಿಕ್ಕಿನ ಓಎಚ್‌ಪಿ ಹಾಳೆ, ಎರಡು ಅಂಚಿಗೂ ಸೆಲ್ಲೋ ಟೇಪು, ಒಂದು ಉಕ್ಕಿನ ಸ್ಕೇಲು: ಬ್ಲೇಡ್ ಲೇಪನಕ್ಕೆ ಇಷ್ಟು ಸಾಕು. ಸಾಮಾನ್ಯ ಸೆಲ್ಲೋ ಟೇಪಿನ ದಪ್ಪ ಸುಮಾರು 50 ಮೈಕ್ರಾನ್. ಎರಡು ಪದರ ಅಂಟಿಸಿದರೆ 100 ಮೈಕ್ರಾನ್ ಸಂದು. ಸ್ಕೇಲಿನ ಮುಂದೆ ಶಾಯಿ ಸುರಿದು, ತುಸು ಓರೆ ಹಿಡಿದು, ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ಒಂದೇ ಸಮನೆ ಎಳೆಯಿರಿ. ನಡುವೆ ನಿಂತರೆ ಅಲ್ಲೊಂದು ಗೆರೆ ಬೀಳುತ್ತದೆ, ಅದು ಹೋಗುವುದಿಲ್ಲ.

ಸಂದಿನ ಸುಮಾರು ಅರ್ಧದಷ್ಟು ದಪ್ಪದ ಹಸಿ ಪದರ ಉಳಿಯುತ್ತದೆ, ಅಂದರೆ 50 ಮೈಕ್ರಾನ್. ಘನಾಂಶ ಶೇ. 1 ಆದ್ದರಿಂದ ಒಣಗಿದ ಮೇಲೆ ಅರ್ಧ ಮೈಕ್ರಾನ್. ವಾಹಕತೆ 500 ಇದ್ದರೆ ಹಾಳೆಯ ರೋಧ ಚೌಕಕ್ಕೆ (ಉದ್ದ, ಅಗಲ ಸಮನಾದ ತುಂಡಿಗೆ) 40 ಓಮ್. ಇದೇ ಲೆಕ್ಕದಲ್ಲಿ 100 ಮಿ.ಲೀ. ಶಾಯಿ 2 ಚದರ ಮೀಟರಿಗೆ ಬರುತ್ತದೆ. ಲೀಟರಿನ ಬೆಲೆ ಕೇಳಿ ಹೆದರುವವರು ಈ ಗುಣಾಕಾರ ಮಾಡಿ ನೋಡಬೇಕು.

ಹಾಳೆಯ ಮೇಲೆ ಶಾಯಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗಾಗುತ್ತದೆ.

ಮುಕ್ಕಾಲುಪಾಲು ಕಾರಣ ಕೈಬೆರಳಿನ ಜಿಡ್ಡು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಣಗಿಸಿ, ಮತ್ತೆ ಮುಟ್ಟದೆ ಹಚ್ಚಿ. ಆಗಲೂ ಗುಂಡಗಾದರೆ ಶಾಯಿಗೆ ಶೇ. 5ರಿಂದ 10ರಷ್ಟು ಅದೇ ಆಲ್ಕೊಹಾಲನ್ನು ಹನಿಹನಿಯಾಗಿ, ತಿರುಗಿಸುತ್ತ ಸೇರಿಸಿ. ಒಮ್ಮೆಲೇ ಸುರಿದರೆ ಶಾಯಿ ಒಡೆಯುತ್ತದೆ.

ಹಳೆಯ ಪಾಕವಿಧಿಗಳಲ್ಲಿ ಶಾಯಿ ಹರಡಲು ಜೊನಿಲ್ ಎಂಬ ಫ್ಲೋರಿನ್ ಸರ್ಫ್ಯಾಕ್ಟಂಟ್ ಇರುತ್ತದೆ. ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ಪರಿಸರದಲ್ಲಿ ಬಹುಕಾಲ ಒಡೆಯದೆ ಉಳಿಯುವ ಜಾತಿಯದು. ಟ್ರೈಟಾನ್ ಎಕ್ಸ್-100 ಕೂಡ ಒಡೆದಾಗ ಹಾರ್ಮೋನಿಗೆ ಅಡ್ಡಿಪಡಿಸುವ ಆಕ್ಟೈಲ್ ಫೀನಾಲ್ ಬಿಡುತ್ತದೆ. ಯುರೋಪಿನಲ್ಲಿ 2021ರಿಂದ ಅದರ ಬಳಕೆಗೆ ಅನುಮತಿ ಬೇಕು. ಪಾಲಿಸಾರ್ಬೇಟ್ ಅಥವಾ ಸಕ್ಕರೆಮೂಲದ ಆಲ್ಕೈಲ್ ಪಾಲಿಗ್ಲೂಕೊಸೈಡ್ ಇರುವಾಗ ಅವುಗಳ ಗೊಡವೆ ಯಾಕೆ?

ಅಡಿಕೆ ಡ್ರೈಯರಿನಲ್ಲಿ ಒಣಗಿಸಿದರೆ ಆಗದೇ?

ನೀರು ಹೋಗುತ್ತದೆ, ಗ್ಲೈಕಾಲ್ ಹೋಗುವುದಿಲ್ಲ. ಅಡಿಕೆ ಡ್ರೈಯರಿನ ಶಾಖ 60 ಡಿಗ್ರಿ ಆಸುಪಾಸು. ಗ್ಲೈಕಾಲಿನ ಕುದಿಬಿಂದು 197, ಡಿಎಂಎಸ್ಒದ್ದು 189. ಅಲ್ಲಿ ಒಣಗಿಸಿದ ಪದರ ಮುಟ್ಟಲು ಒಣಗಿದಂತಿದ್ದರೂ ವಾರಗಟ್ಟಲೆ ರೋಧ ಬದಲಾಗುತ್ತಲೇ ಇರುತ್ತದೆ. ಮೊದಲ ಹಂತಕ್ಕೆ ಡ್ರೈಯರ್ ಬಳಸಿ, ಆಮೇಲೆ 120ರಿಂದ 130 ಡಿಗ್ರಿಯಲ್ಲಿ 20 ನಿಮಿಷ. ಜಿಒಪಿಎಸ್ ಹಾಕಿದ್ದರೆ 140 ಡಿಗ್ರಿಯಲ್ಲಿ ಒಂದು ಗಂಟೆ.

ಟೀ ಶರ್ಟಿಗೆ ಚಿತ್ರ ಒತ್ತುವ ಅಂಗಡಿಯ ಹೀಟ್ ಪ್ರೆಸ್ ಇದಕ್ಕೆ ಹೇಳಿ ಮಾಡಿಸಿದ ಯಂತ್ರ. ಶಾಖ, ಹೊತ್ತು ಎರಡನ್ನೂ ನಿಗದಿ ಮಾಡಬಹುದು. ಪೂರ್ತಿ ಒತ್ತಬೇಡಿ, ಮೇಲಿನ ಫಲಕವನ್ನು ಅರ್ಧ ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಿ; ಆವಿ ಹೊರಹೋಗಲು ದಾರಿ ಬೇಕು. ಓಎಚ್‌ಪಿ ಹಾಳೆ 120ರ ಮೇಲೆ ತುಸು ಕುಗ್ಗುತ್ತದೆ. ಆದ್ದರಿಂದ ಬರಿ ಹಾಳೆಯನ್ನೇ ಮೊದಲು ಒಮ್ಮೆ ಅದೇ ಶಾಖಕ್ಕೆ ಇಟ್ಟು ತೆಗೆದು, ಆಮೇಲೆ ಅಚ್ಚು ಹಾಕಿ. ಇಲ್ಲವಾದರೆ ಎರಡನೇ ಪದರ ಮೊದಲನೆಯದರ ಮೇಲೆ ಕೂರುವುದಿಲ್ಲ.

ನಡುವೆ ಕರೆಂಟು ಹೋದರೆ ಗಾಬರಿ ಬೇಡ. ಹಾಳೆಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಬಂದ ಮೇಲೆ ಮತ್ತೆ ಮೊದಲಿನಿಂದ ಕಾಯಿಸಿ. ಫ್ರಿಜ್ಜಿನಲ್ಲಿರುವ ಶಾಯಿಯೂ ಒಂದೆರಡು ದಿನಕ್ಕೆ ಕೆಡುವುದಿಲ್ಲ. ಫ್ರೀಜರಿಗೆ ಹಾಕಿದರೆ ಮಾತ್ರ ಕೆಟ್ಟಿತು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೂ ಗಂಟುಗಂಟು.

ಕರೆಯೋಲೆ ಅಂಗಡಿಯ ಸ್ಕ್ರೀನ್ ಪ್ರಿಂಟಿಂಗ್ ಬಳಸಬಹುದೇ?

ಗ್ರಾಫೈಟ್ ಬೆರೆಸಿದ ಕಾರ್ಬನ್ ಶಾಯಿಗೆ (ಮಾಡುವ ಬಗೆ ಮುಂದಿದೆ) ಅದೇ ಅತ್ಯುತ್ತಮ. ಸೆಂಟಿಮೀಟರಿಗೆ 77 ಎಳೆಯ ಬಟ್ಟೆ ಸಾಕು. ಗೆರೆಯ ಅಗಲ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇಡಬೇಡಿ. ಪೆಡಾಟ್ ಶಾಯಿ ನೀರಿನಷ್ಟೇ ತೆಳು, ಹಾಗೆಯೇ ಸುರಿದರೆ ಬಟ್ಟೆಯಿಂದ ಸೋರಿಹೋಗುತ್ತದೆ. ಸ್ಕ್ರೀನಿಗೆಂದೇ ಮಾಡಿದ ಪೇಸ್ಟ್ ಕೊಳ್ಳಿ, ಇಲ್ಲವೇ ಹೈಡ್ರಾಕ್ಸಿ ಎಥೈಲ್ ಸೆಲ್ಯುಲೋಸ್ ಹಾಕಿ ಗಟ್ಟಿ ಮಾಡಿ. ಹೆಚ್ಚು ಹಾಕಿದಷ್ಟೂ ವಾಹಕತೆ ಇಳಿಯುತ್ತದೆ.

ಇಲ್ಲಿ ಎಡವುವುದು ಎಮಲ್ಷನ್, ಅಂದರೆ ಬಟ್ಟೆಯ ಮೇಲೆ ಚಿತ್ರ ಮೂಡಿಸುವ, ಬೆಳಕಿಗೆ ಗಟ್ಟಿಯಾಗುವ ಲೇಪದ ವಿಷಯದಲ್ಲಿ. ಎಣ್ಣೆ ಶಾಯಿಗೆ ಮಾಡಿದ ಎಮಲ್ಷನ್ ನೀರಿನ ಶಾಯಿಗೆ ಹತ್ತಿಪ್ಪತ್ತು ಅಚ್ಚಿನಲ್ಲೇ ಮೆತ್ತಗಾಗಿ ಕಿತ್ತುಬರುತ್ತದೆ. ನೀರು ತಡೆಯುವ ಎಮಲ್ಷನ್ ಕೇಳಿ ತನ್ನಿ. ಜಡಿಮಳೆಯಲ್ಲಿ ಅದು ಪೂರ್ತಿ ಒಣಗುವ ಮೊದಲೇ ಬೆಳಕಿಗೆ ಹಿಡಿದರೆ ಅಚ್ಚು ಗಟ್ಟಿಯಾಗುವುದಿಲ್ಲ, ತೊಳೆದಾಗ ಚಿತ್ರವೇ ಹರಿದುಹೋಗುತ್ತದೆ. ದೋಷ ಶಾಯಿಯದೆಂದು ಅನುಮಾನಿಸುವ ಮೊದಲು ಇದನ್ನು ನೋಡಿ.

ಇಂಕ್‌ಜೆಟ್?

ಶಾಯಿಯನ್ನು ಕಾಯಿಸದೆ ಒತ್ತಿ ಹನಿಸುವ ಪೀಜೋ ತಲೆಯ ಪ್ರಿಂಟರ್ ಆದರೆ ಆಗುತ್ತದೆ. ಎರಡು ಸಲ ಸೋಸಿ, ಕೆಲಸ ಮುಗಿದ ತಕ್ಷಣ ಡಿಸ್ಟಿಲ್ಡ್ ನೀರು ಹಾಯಿಸಿ. ಒಂದು ರಾತ್ರಿ ಬಿಟ್ಟರೆ ತಲೆ ಕಟ್ಟಿಕೊಳ್ಳುತ್ತದೆ, ಬಿಡಿಸುವುದು ಬಹಳ ಕಷ್ಟ. ಮನೆಯ ಒಂದೇ ಪ್ರಿಂಟರಿನಲ್ಲಿ ಪ್ರಯೋಗ ಬೇಡ.

ಮಳೆಗಾಲದಲ್ಲಿ ಎಲ್ಲವೂ ಕೆಡುತ್ತದೆ. ಏನು ಮಾಡುವುದು?

ಈ ಜಿಲ್ಲೆಯಲ್ಲಿ ಈ ಕೆಲಸದ ಅಸಲಿ ತೊಡಕು ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಶೇ. 90ರ ಸುತ್ತಲೇ ಇರುತ್ತದೆ. ಪಿಎಸ್‌ಎಸ್‌ಗೆ ನೀರೆಂದರೆ ಪ್ರಾಣ: ಎಳೆದುಕೊಂಡು ಉಬ್ಬುತ್ತದೆ, ಕಣಗಳು ದೂರ ಸರಿಯುತ್ತವೆ, ರೋಧ ಬದಲಾಗುತ್ತದೆ. ಬೆಳಿಗ್ಗೆ ಅಳೆದ ಸಂಖ್ಯೆ ಸಂಜೆಗೆ ಸಿಗುವುದಿಲ್ಲ.

ಅಚ್ಚಿನ ಕೆಲಸವನ್ನು ಆದಷ್ಟು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಿಕೊಳ್ಳಿ. ಆಗದಿದ್ದರೆ ಕಾಯಿಸಿದ ಹಾಳೆಯನ್ನು ಬಿಸಿಯಿರುವಾಗಲೇ ಸಿಲಿಕಾ ಜೆಲ್ ಇರುವ ಸ್ಟೀಲ್ ಡಬ್ಬಿಗೆ ಹಾಕಿ. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದನ್ನು ಕೊಳ್ಳಿ. 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಜೆಲ್ ಮತ್ತೆ ಹೊಸದು.

ಜೆರಾಕ್ಸ್ ಅಂಗಡಿಯ ಲ್ಯಾಮಿನೇಶನ್ ತೇವವನ್ನು ತಡೆಯುವುದಿಲ್ಲ, ತಡ ಮಾಡುತ್ತದೆ ಅಷ್ಟೆ. ಪೂರ್ತಿ ತಡೆಯಬೇಕೆಂದರೆ ಕಾಫಿಪುಡಿ ಪೊಟ್ಟಣದಂತೆ ಒಳಗೆ ಅಲ್ಯೂಮಿನಿಯಂ ಇರುವ ಹಾಳೆ ಬೇಕು, ಅಂಚನ್ನು ಶಾಖದಿಂದ ಮುಚ್ಚಬೇಕು. ಬೆಳ್ಳಿ ಶಾಯಿಯ ಗೆರೆಗಳನ್ನು ಕಡಲಂಚಿನಲ್ಲಿ ತೆರೆದಿಟ್ಟರೆ ಉಪ್ಪುಗಾಳಿಗೆ ಕಪ್ಪಾಗುತ್ತವೆ. ತೇವದಲ್ಲಿ ಒಂದೇ ದಿಕ್ಕಿನ ವೋಲ್ಟೇಜ್ ಕೊಟ್ಟರೆ ಬೆಳ್ಳಿ ಒಂದು ಗೆರೆಯಿಂದ ಪಕ್ಕದ ಗೆರೆಗೆ ಬೇರಿನಂತೆ ಬೆಳೆದು ಶಾರ್ಟ್ ಮಾಡುತ್ತದೆ. ಕಾರ್ಬನ್ನಿಗೆ ಈ ರೋಗವಿಲ್ಲ.

ನೀರಿನ ಜೊತೆ ಗುದ್ದಾಡುವ ಬದಲು, ನೀರೇ ಬೇಕಾದ ಸಾಧನ ಮಾಡುವುದು ಇಲ್ಲಿಯ ಜಾಣತನ.

ಹಾಗೆಂದರೆ ಯಾವ ಸಾಧನ?

ಗಜನಿಗೆ ಉಪ್ಪಿನ ಸೆನ್ಸರ್. ಕುಮಟಾ, ಅಂಕೋಲಾ ಕಡೆಯ ಗಜನಿ ಗದ್ದೆಯಲ್ಲಿ ಉಬ್ಬರದ ನೀರು ಎಷ್ಟು ಒಳಬಂತು, ಮಳೆ ಎಷ್ಟು ತೊಳೆಯಿತು ಎನ್ನುವುದರ ಮೇಲೆ ಬೆಳೆ ನಿಂತಿದೆ. ಸಮುದ್ರದ ನೀರಿನ ವಾಹಕತೆ ಸೆಂಟಿಮೀಟರಿಗೆ ಸುಮಾರು 50 ಮಿಲಿಸೀಮೆನ್ಸ್. ಸಾಮಾನ್ಯ ಭತ್ತ ಮಣ್ಣಿನ ಉಪ್ಪು ಇದೇ ಅಳತೆಯಲ್ಲಿ 3 ದಾಟಿದರೆ ಸೊರಗಲು ಶುರುವಾಗುತ್ತದೆ. ಗಜನಿಯ ಭತ್ತದ ತಳಿ ಕಗ್ಗ ಹೆಚ್ಚು ತಾಳುತ್ತದೆ. ಹಾಗಾಗಿ 1ರಿಂದ 20ರವರೆಗೆ ನಂಬಬಹುದಾದ ಅಗ್ಗದ ಪಟ್ಟಿ ಸಿಕ್ಕರೆ ಉಪಯೋಗವಿದೆ.

ಓಎಚ್‌ಪಿ ಹಾಳೆಯ ಮೇಲೆ ಕಾರ್ಬನ್ ಶಾಯಿಯಲ್ಲಿ 3 ಮಿ.ಮೀ. ಅಗಲದ ನಾಲ್ಕು ಗೆರೆಗಳನ್ನು 3 ಮಿ.ಮೀ. ಅಂತರದಲ್ಲಿ ಅಚ್ಚು ಹಾಕಿ. ತುದಿಯ 5 ಮಿ.ಮೀ. ಮಾತ್ರ ಬಿಟ್ಟು ಉಳಿದದ್ದಕ್ಕೆ ವಾರ್ನಿಷ್. ಬಿಟ್ಟ ತುದಿಗೆ ಜಿಒಪಿಎಸ್ ಹಾಕಿದ ಪೆಡಾಟ್ ಒಂದು ಹನಿ, ಆಮೇಲೆ ಕಾಯಿಸುವುದು. ಪೆಡಾಟ್ ಇಲ್ಲಿ ಅಲಂಕಾರವಲ್ಲ. ನೀರಿನ ಅಯಾನು ಪದರದ ಒಳಕ್ಕೇ ಹೋಗಿಬರುವುದರಿಂದ ಎಲೆಕ್ಟ್ರೋಡಿನ ಮೇಲ್ಮೈಯಲ್ಲಿ ಆಗುವ ಅಡ್ಡಿ ಬಹಳ ಇಳಿಯುತ್ತದೆ.

ಎರಡೇ ಗೆರೆ ಹಾಕಿ ಮುಗಿಸೋಣ ಎನ್ನಿಸುವುದು ಸಹಜ. ಆದರೆ ಲೆಕ್ಕ ಹಾಕಿ: ಸಮುದ್ರದ ನೀರಿನ ರೋಧ ಆ ತುದಿಗಳ ನಡುವೆ ಕೆಲವು ಹತ್ತು ಓಮ್, ಕಾರ್ಬನ್ ಗೆರೆ ಚೌಕಕ್ಕೆ 40 ಓಮಿನಂತೆ ಹತ್ತು ಚೌಕ ಉದ್ದವಿದ್ದರೆ ಗೆರೆಯೊಂದರದ್ದೇ 400 ಓಮ್. ಮೀಟರು ತೋರಿಸುವುದು ಗೆರೆಯನ್ನೇ ಹೊರತು ನೀರನ್ನಲ್ಲ. ನಾಲ್ಕು ಗೆರೆ ಇದ್ದಾಗ ಹೊರಗಿನ ಎರಡರಲ್ಲಿ ಕರೆಂಟು ಹಾಯಿಸಿ ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತೀರಿ. ಗೆರೆಯ ರೋಧ ಲೆಕ್ಕದಿಂದಲೇ ಹೊರಗುಳಿಯುತ್ತದೆ.

ಡಿ.ಸಿ. ಕೊಡಬೇಡಿ, ನೀರು ವಿಭಜನೆಯಾಗಿ ಗುಳ್ಳೆ ಏಳುತ್ತದೆ. ಮೈಕ್ರೋಕಂಟ್ರೋಲರಿನ ಎರಡು ಪಿನ್ನುಗಳನ್ನು ಸೆಕೆಂಡಿಗೆ ಸಾವಿರ ಸಲ ಅದಲುಬದಲು ಮಾಡಿ. 1 ಕಿಲೊಓಮಿನ ರೋಧಕವನ್ನು ಸಾಲಿನಲ್ಲಿಟ್ಟು, ಅದರ ಮೇಲಿನ ವೋಲ್ಟೇಜಿನಿಂದ ಕರೆಂಟು ಲೆಕ್ಕ ಹಾಕಿ. ಪ್ರತಿ ಅರ್ಧಾವರ್ತದ ನಡುಮಧ್ಯೆ ಓದಿ.

ಅಳತೆ ಹೊಂದಿಸಲು 35 ಗ್ರಾಂ ಉಪ್ಪನ್ನು ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ ಸಮುದ್ರದ ನೀರಿಗೆ ಹತ್ತಿರ. ಅದನ್ನು ಅರ್ಧ, ಮತ್ತರ್ಧ ಎಂದು ಐದು ಸಲ ತೆಳ್ಳಗೆ ಮಾಡುತ್ತ ಹೋಗಿ. ಡಿಗ್ರಿಗೆ ಶೇ. 2ರಂತೆ ವಾಹಕತೆ ಏರುವುದರಿಂದ ನೀರಿನ ಶಾಖವನ್ನೂ ಬರೆದಿಡಿ. ಬೆಳಗಿನ ಗಜನಿಗೂ ಮಧ್ಯಾಹ್ನದ ಗಜನಿಗೂ ಐದಾರು ಡಿಗ್ರಿ ವ್ಯತ್ಯಾಸವಿದ್ದರೆ ಅದೇ ಶೇ. 10ರ ಮೇಲಿನ ತಪ್ಪು. ಒಂದೆರಡು ವಾರಕ್ಕೆ ಪಾಚಿ ಕಟ್ಟುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಉಜ್ಜಬೇಡಿ.

ಅಡಿಕೆ, ಕಾಳುಮೆಣಸಿನ ಗೋದಾಮಿಗೆ ತೇವದ ಸೆನ್ಸರ್ ಆಗದೇ?

ಆಗುತ್ತದೆ. ಕಾರ್ಬನ್ನಿನ ಬಾಚಣಿಗೆ ಆಕಾರದ ಎರಡು ಎಲೆಕ್ಟ್ರೋಡನ್ನು ಒಂದರೊಳಗೊಂದು ಹೆಣೆದಂತೆ ಅಚ್ಚು ಹಾಕಿ, ಮೇಲೆ ಸಿಗಡಿ ಸಿಪ್ಪೆಯಿಂದ ಬರುವ ಕೈಟೋಸಾನ್ ಪದರ ಹಚ್ಚಿ. ತೇವ ಏರಿದಂತೆ ರೋಧ ಹಲವು ಪಟ್ಟು ಬೀಳುತ್ತದೆ. ಹೊಂದಿಸುವುದು ಅಡುಗೆಮನೆಯ ವಿದ್ಯೆ: ಮುಚ್ಚಳವಿರುವ ಭರಣಿಯಲ್ಲಿ ಉಪ್ಪಿಗೆ ಕೊಂಚ ನೀರು ಹಾಕಿ ಗಟ್ಟಿ ಕೆಸರಿನಂತೆ ಮಾಡಿಟ್ಟರೆ ಒಳಗಿನ ಗಾಳಿಯ ತೇವ ಶೇ. 75ಕ್ಕೆ ನಿಲ್ಲುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಆದರೆ 33, ಪೊಟ್ಯಾಸಿಯಂ ಸಲ್ಫೇಟ್ ಆದರೆ 97. ಪ್ರತಿ ಭರಣಿಯಲ್ಲೂ ಕೆಲವು ಗಂಟೆ ಬಿಟ್ಟು ಓದಿ.

ಕಾರ್ಬನ್ ಶಾಯಿಯನ್ನು ಮನೆಯಲ್ಲೇ ಮಾಡಬಹುದೇ?

ಮಾಡಬಹುದು. ಅರಗು 10 ಗ್ರಾಂ ಅನ್ನು 40 ಮಿ.ಲೀ. ಸ್ಪಿರಿಟ್ಟಿನಲ್ಲಿ ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ. ಗ್ರಾಫೈಟ್ ಪುಡಿ 15 ಗ್ರಾಂ, ವಾಹಕ ದರ್ಜೆಯ ಕಾರ್ಬನ್ ಬ್ಲ್ಯಾಕ್ 5 ಗ್ರಾಂ ಸೇರಿಸಿ ಕಲ್ಲಿನಲ್ಲಿ ಅರ್ಧ ಗಂಟೆ ಅರೆಯಿರಿ. ಗ್ರಾಫೈಟ್ ಚಕ್ಕೆಗಳ ನಡುವಿನ ಸಂದನ್ನು ಬ್ಲ್ಯಾಕ್ ತುಂಬುತ್ತದೆ. ಒಂದೇ ಹಾಕಿದರೆ ಅಷ್ಟು ಒಳ್ಳೆಯ ಫಲ ಬಾರದು. ದೀಪದ ಕಾಡಿಗೆಯಲ್ಲಿ ಎಣ್ಣೆ ಇರುವುದರಿಂದ ಅದು ಬದಲಿಯಾಗದು. ಸ್ಟೆನ್ಸಿಲ್, ಬ್ರಷ್ಷಿಗೆ ಇದೇ ಸಾಕು. ಸ್ಕ್ರೀನಿನಲ್ಲಿ ಸ್ಪಿರಿಟ್ ಬೇಗ ಆರಿ ಬಟ್ಟೆ ಕಟ್ಟಿಕೊಳ್ಳುವುದರಿಂದ ಬ್ಯುಟನಾಲ್ ಬಳಸಿ. 120 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಅರಗು ಗಟ್ಟಿಯಾಗುತ್ತದೆ. ಕಾರ್ಬನ್ ಬ್ಲ್ಯಾಕ್ ಅಳೆಯುವಾಗ ಮಾಸ್ಕ್ ಕಡ್ಡಾಯ, ಫ್ಯಾನು ಬಂದ್.

ಅರಗಿಗೆ ಕ್ಷಾರ ಆಗದು. ಅದು ದೋಷವೂ ಹೌದು, ಅನುಕೂಲವೂ ಹೌದು: ಸಾಧನ ಹಳತಾದ ಮೇಲೆ ಬಿಸಿ ಸೋಡಾ ನೀರಿನಲ್ಲಿ ನೆನೆಹಾಕಿದರೆ ಕಾರ್ಬನ್ ಬಿಟ್ಟುಬರುತ್ತದೆ, ಹಾಳೆ ಮತ್ತೆ ಬಳಕೆಗೆ ಸಿಗುತ್ತದೆ.

ಅಡಿಕೆ ಹಾಳೆಯ ಮೇಲೆ ಅಚ್ಚು ಹಾಕಬಹುದೇ? ಸಿಗಡಿ ಸಿಪ್ಪೆ, ಗೇರುಬೀಜದ ಸಿಪ್ಪೆ ಎಣ್ಣೆ ಇತ್ಯಾದಿ?

ಅಡಿಕೆ ಹಾಳೆಗೆ ಉದ್ದುದ್ದ ನಾರಿನ ಗೀರುಗಳಿವೆ. ಅರ್ಧ ಮೈಕ್ರಾನಿನ ಪೆಡಾಟ್ ಪದರ ಆ ಕಣಿವೆಗಳಲ್ಲಿ ಕಡಿದುಹೋಗುತ್ತದೆ. ತಟ್ಟೆ ಒತ್ತುವ ಯಂತ್ರದಲ್ಲಿ ಚಪ್ಪಟೆ ಮಾಡಿ, ಎರಡು ಸಲ ಅರಗು ಬಳಿದು, ದಪ್ಪ ಕಾರ್ಬನ್ ಶಾಯಿ ಹಾಕಿದರೆ ನಿಲ್ಲುತ್ತದೆ. ಗೆರೆಗಳನ್ನು ನಾರಿನ ಉದ್ದಕ್ಕೇ ಎಳೆಯಿರಿ. ತೇವಕ್ಕೆ ಹಾಳೆ ಹಿಗ್ಗುವುದು ನಾರಿಗೆ ಅಡ್ಡಲಾಗಿ, ಅಡ್ಡ ಎಳೆದ ಗೆರೆ ಸೀಳುತ್ತದೆ.

ಸಿಗಡಿ ಸಿಪ್ಪೆಯಿಂದ ಕೈಟೋಸಾನ್ ಬರುವುದು ನಿಜ. ಆದರೆ ಮನೆಯಲ್ಲಿ ಮಾಡಲು ಹೊರಟರೆ ಹೈಡ್ರೋಕ್ಲೋರಿಕ್ ಆಮ್ಲ, ಆಮೇಲೆ ಶೇ. 40-50ರ ಬಿಸಿ ಕಾಸ್ಟಿಕ್ ಸೋಡಾ ಬೇಕು. ಹುಟ್ಟುವ ತ್ಯಾಜ್ಯ ನೀರು ಉಳಿಸಿದ್ದಕ್ಕಿಂತ ಹೆಚ್ಚು ಕೆಡಿಸುತ್ತದೆ. ಸಿದ್ಧ ಪುಡಿ ಕೊಳ್ಳಿ: ಶೇ. 4ರ ವಿನೆಗರ್ 25 ಮಿ.ಲೀ., ನೀರು 75 ಮಿ.ಲೀ., ಕೈಟೋಸಾನ್ 2 ಗ್ರಾಂ, ಒಂದು ರಾತ್ರಿ ತಿರುಗಿಸಿ. 20×25 ಸೆಂ.ಮೀ. ತಟ್ಟೆಗೆ ಸುರಿದು ಒಣಗಿಸಿದರೆ ಸುಮಾರು 30 ಮೈಕ್ರಾನಿನ ಪಾರದರ್ಶಕ ಹಾಳೆ.

ಗೇರು ಸಿಪ್ಪೆಯ ಎಣ್ಣೆಯಿಂದ ಬರುವ ಕಾರ್ಡನಾಲ್ ರಾಳ, ವಾರ್ನಿಷ್ಷಿಗೆ ಒಳ್ಳೆಯದು. ಹಸಿ ಎಣ್ಣೆ ಮುಟ್ಟಿದರೆ ಚರ್ಮ ಸುಡುತ್ತದೆ, ಗೇರು ಸುಲಿಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಕಾಲೇಜಿನಲ್ಲಿ ಪಾಲಿಅನಿಲೀನ್ ಮಾಡಬೇಕು. ಪ್ರಮಾಣ?

ಅನಿಲೀನ್ ಹೈಡ್ರೋಕ್ಲೋರೈಡ್ 2.59 ಗ್ರಾಂ ನೀರಿನಲ್ಲಿ ಕರಗಿಸಿ 50 ಮಿ.ಲೀ. ಮಾಡಿ, ಅಮೋನಿಯಂ ಪರ್‌ಸಲ್ಫೇಟ್ 5.71 ಗ್ರಾಂ ಇನ್ನೊಂದು 50 ಮಿ.ಲೀ. ಎರಡನ್ನೂ ಕೊಠಡಿಯ ಶಾಖದಲ್ಲಿ ಬೆರೆಸಿ, ಒಮ್ಮೆ ಕಲಕಿ ಬಿಡಿ. ಕೆಲವು ನಿಮಿಷ ಏನೂ ಆಗದು, ಆಮೇಲೆ ನೀಲಿ, ನಂತರ ಕಡುಹಸಿರು. ಮರುದಿನ ಸೋಸಿ, 0.2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು 60 ಡಿಗ್ರಿಯಲ್ಲಿ ಒಣಗಿಸಿ. ಸುಮಾರು 2 ಗ್ರಾಂ ಸಿಗುತ್ತದೆ. ವಾಹಕತೆ ಸೆಂಟಿಮೀಟರಿಗೆ 4 ಸೀಮೆನ್ಸ್ ಸುತ್ತ. ಕ್ರಿಯೆಯಲ್ಲಿ ಶಾಖ ಹುಟ್ಟುವುದರಿಂದ ಹತ್ತು ಪಟ್ಟು ದೊಡ್ಡದು ಮಾಡಲು ಹೋಗಬೇಡಿ. ಅನಿಲೀನ್ ಚರ್ಮದ ಮೂಲಕ ಒಳಹೋಗಿ ರಕ್ತದ ಆಮ್ಲಜನಕ ಹೊರುವ ಶಕ್ತಿ ಕುಂದಿಸುತ್ತದೆ. ಫ್ಯೂಮ್ ಹುಡ್ ಇಲ್ಲದೆ ಮುಟ್ಟಬೇಡಿ.

ಇನ್ನೊಂದು ಎಚ್ಚರ. ಪಿಎಚ್ 4ರ ಮೇಲೆ ಹಸಿರು ನೀಲಿಯಾಗಿ, ವಾಹಕತೆ ಸತ್ತುಹೋಗುತ್ತದೆ. ಸಮುದ್ರದ ನೀರಿನ ಪಿಎಚ್ 8ರ ಮೇಲಿದೆ. ಗಜನಿಯ ಸೆನ್ಸರಿಗೆ ಪಾಲಿಅನಿಲೀನ್ ಹೊಂದದಿರಲು ಕಾರಣ ಇದೇ.

ತಂತಿ ಬೆಸುಗೆ ಹಾಕಿದರೆ ಹಾಳೆ ಸುಟ್ಟುಹೋಗುತ್ತದೆ.

350 ಡಿಗ್ರಿಯ ಬೆಸುಗೆ ಕೋಲಿಗೆ ಓಎಚ್‌ಪಿ ಹಾಳೆ ತಡೆಯದು. ತಾಮ್ರದ ಟೇಪಿಗೆ ಮೊದಲೇ ಬೆಸುಗೆ ಹಾಕಿ, ಟೇಪನ್ನು ಕಾರ್ಬನ್ ಗೆರೆಯ ಮೇಲೆ ಅಂಟಿಸಿ, ಅಂಚಿಗೆ ಕಾರ್ಬನ್ ಶಾಯಿ ಬಳಿಯಿರಿ. ಬಟ್ಟೆಯಾದರೆ ದರ್ಜಿಯ ಟಿಚ್ ಬಟನ್ ಸಾಕು. ತಾಮ್ರ ನೇರವಾಗಿ ಪೆಡಾಟ್‌ಗೆ ತಾಗಬಾರದು. ಪೆಡಾಟ್ ಶಾಯಿಯ ಪಿಎಚ್ 2ರ ಸುತ್ತ, ತಾಮ್ರ ಹಸಿರುಗಟ್ಟುತ್ತದೆ.

ಪದರ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

10 ಮಿ.ಮೀ. ಅಗಲ, 50 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ. ಅದು ಐದು ಚೌಕ. ಎರಡು ತುದಿಗೂ ಪೂರ್ತಿ ಅಗಲಕ್ಕೆ ಕಾರ್ಬನ್ ಬಳಿದು ಅಳೆದ ರೋಧವನ್ನು ಐದರಿಂದ ಭಾಗಿಸಿ. ಮೀಟರಿನ ಮೊನೆಯನ್ನು ನೇರ ಪದರಕ್ಕೆ ಚುಚ್ಚಿದರೆ ಪದರ ಹರಿಯುತ್ತದೆ, ಸಂಖ್ಯೆಯೂ ಸುಳ್ಳು. 40 ಬರಬೇಕಾದಲ್ಲಿ 400 ಬಂದರೆ ಗ್ಲೈಕಾಲ್ ಮರೆತಿರಬಹುದು, ಪದರ ತೆಳ್ಳಗಿರಬಹುದು, ಅಥವಾ ತುದಿಯ ಸಂಪರ್ಕವೇ ಸರಿಯಿಲ್ಲ. ಅಂಚಿನಲ್ಲಿ ಕಡುನೀಲಿ ಉಂಗುರ, ನಡುವೆ ಬಿಳಿಚಿದ್ದರೆ ಒಣಗಿಸಿದ್ದು ಸಮನಾಗಿಲ್ಲ. ಮೊದಲು 50 ಡಿಗ್ರಿಯಲ್ಲಿ ನಿಧಾನ ಒಣಗಿಸಿ.

ತೊಳೆದ ನೀರನ್ನು ಚರಂಡಿಗೆ ಬಿಡಬಹುದೇ?

ಬೇಡ. ಇಲ್ಲಿಯ ಚರಂಡಿ ಕೊನೆಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯಂಥ ನದಿಗೋ ಸಮುದ್ರಕ್ಕೋ ಸೇರುತ್ತದೆ. ಅಘನಾಶಿನಿಯ ಅಳಿವೆ 2024ರಲ್ಲಿ ಘೋಷಿತವಾದ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ. ಅಲ್ಲಿ ಬಳಚು ಹೆಕ್ಕಿ ಬದುಕುವವರಿದ್ದಾರೆ. ನೀರು ಸೋಸಿ ತಿನ್ನುವ ಜೀವಿಗಳಿಗೆ ಬೆಳ್ಳಿಯ ಅಯಾನು ಬಹಳ ಸಣ್ಣ ಪ್ರಮಾಣದಲ್ಲೂ ವಿಷ. ಬೆಳ್ಳಿ ಶಾಯಿ ಒರೆಸಿದ ಬಟ್ಟೆಯನ್ನೂ ತೊಳೆಯಬೇಡಿ, ಕೂಡಿಡಿ.

ಪೆಡಾಟ್ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಅಡುಗೆ ಸೋಡಾದಿಂದ ಹುಳಿ ತೆಗೆದು, ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ. ನೀಲಿ ಮುದ್ದೆ ತಳಕ್ಕಿಳಿಯುತ್ತದೆ. ಬಟ್ಟೆಯಲ್ಲಿ ಸೋಸಿ ಒಣಗಿಸಿ ಡಬ್ಬಿಯಲ್ಲಿಡಿ. ಶಾಯಿಗೆ ಹಾಕಿದ ಗ್ಲೈಕಾಲ್ ಇದರಿಂದ ಹೋಗುವುದಿಲ್ಲ. ಆದ್ದರಿಂದ ಸ್ಕೇಲು, ಹಲಗೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ತೊಳೆಯಿರಿ. ಅನಿಲೀನ್ ತ್ಯಾಜ್ಯವನ್ನು ಇದರ ಜೊತೆ ಬೆರೆಸಬೇಡಿ. ಚಿಪ್ಪು, ಬ್ಯಾಟರಿ ಕೂರಿಸಿದ ಸಾಧನ ಕೆಟ್ಟರೆ 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ಕೊಡಬೇಕು. ಅಚ್ಚಿನ ಹಾಳೆಯನ್ನು ಕತ್ತರಿಸಿ ಬೇರೆ ಮಾಡುವಂತೆ ಮೊದಲೇ ವಿನ್ಯಾಸ ಮಾಡಿಕೊಂಡರೆ ಕೊಡುವಾಗ ಸುಲಭ.

ಗಿಡಮೂಲದ ಪ್ಲಾಸ್ಟಿಕ್ಕಾದ ಪಿಎಲ್‌ಎ ಹಾಳೆ ಬಳಸಿದರೆ ಗೊಬ್ಬರದ ಗುಂಡಿಗೆ ಹಾಕಬಹುದಲ್ಲ?

ಮನೆಯ ಗುಂಡಿಯಲ್ಲಿ ಕೊಳೆಯಲು ವರ್ಷಗಳು ಬೇಕು. ಅದಕ್ಕೆ 58 ಡಿಗ್ರಿ ಆಸುಪಾಸಿನ ಕೈಗಾರಿಕಾ ಗೊಬ್ಬರ ಘಟಕ ಬೇಕು. ಅಲ್ಲದೆ ಪಿಎಲ್‌ಎ 60 ಡಿಗ್ರಿಗೇ ಮೆತ್ತಗಾಗುವುದರಿಂದ ಪೆಡಾಟ್ ಕಾಯಿಸಲು ಆಗದು. ಕಾಗದ ವಾಸಿ.

ಪ್ಲಾಸ್ಟಿಕ್ ಸೋಲಾರ್ ಹಾಳೆ ಮಾಡಿ ಮನೆ ಮಾಡಿಗೆ ಹಾಕಬಹುದೇ?

ಈಗ ಬೇಡ. ಪ್ರಯೋಗಾಲಯದ ಸಣ್ಣ ಕೋಶಗಳಲ್ಲಿ ಶೇ. 19ರ ಮೇಲೆ ದಕ್ಷತೆ ಬಂದಿದೆ, ಆದರೆ ಅವು ತೇವ, ಆಮ್ಲಜನಕ ತಾಗದಂತೆ ಮುಚ್ಚಿಟ್ಟವು. ಇಲ್ಲಿಯ ಒಂದು ಮಳೆಗಾಲಕ್ಕೆ ಕೈಯಿಂದ ಮಾಡಿದ್ದು ಉಳಿಯುವುದಿಲ್ಲ. ಸಿಲಿಕಾನ್ ಪ್ಯಾನಲ್ಲೇ ಹಾಕಿಸಿ, ಅದರ ಕರೆಂಟಿನಲ್ಲಿ ಹೀಟ್ ಪ್ರೆಸ್ ನಡೆಸಿ.